ಬೋನು ಕಟ್ಟಿದೆ, ಆಮೇಲೆ ಗೂಡು ಕಟ್ಟಿದೆ

ಕಾವಿಗೆ ಕೂತಿದ್ದ ಕೆಂಚಿ ಸತ್ತದ್ದು ಬೆಳಿಗ್ಗೆ ಎಂಟೂವರೆ ಸುಮಾರಿಗೆ. ಎಂಟು ಗಂಟೆಗೆ ನಾನೇ ಗೂಡಿಗೆ ಹೋಗಿ ಅದರ ಮುಂದೆ ನೀರಿನ ಬಟ್ಟಲು ಇಟ್ಟು ಬಂದಿದ್ದೆ. ತಿಂಡಿ ತಿಂದು ಕೈ ತೊಳೆಯುತ್ತಿರುವಾಗ ಹುಂಜ ಗಾಬರಿಯಿಂದ ಕೂಗಿಕೊಂಡಿತು. ಓಡಿಹೋಗಿ ನೋಡಿದರೆ ಕೆಂಚಿ ಬುಟ್ಟಿಯಲ್ಲೇ ಕುತ್ತಿಗೆ ವಾಲಿಸಿಕೊಂಡು ಬಿದ್ದಿತ್ತು. ಹತ್ತು ಮೊಟ್ಟೆಯಲ್ಲಿ ನಾಲ್ಕು ಒಡೆದಿದ್ದವು. ಒಳಗೆ ಮರಿ ಆಕಾರಕ್ಕೆ ಬಂದಿತ್ತು. ಇನ್ನು ಆರು ದಿನ ಕಳೆದಿದ್ದರೆ 21 ದಿನ ತುಂಬುತ್ತಿತ್ತು.

ಅದರ ಹಿಂದಿನ ವಾರವೇ ಇನ್ನೊಂದು ಹೇಂಟೆಯ ಒಂಬತ್ತು ಮರಿಗಳಲ್ಲಿ ಐದು ಕಾಣೆಯಾಗಿದ್ದವು. ಒಂದೊಂದು ರಾತ್ರಿ ಒಂದೊಂದು. ಒಂದು ರಾತ್ರಿ ಎರಡು. ಪುಕ್ಕ ಇಲ್ಲ, ರಕ್ತ ಇಲ್ಲ, ಸದ್ದೂ ಇಲ್ಲ. ಸಂಜೆ ಎಣಿಸಿ ಬಾಗಿಲು ಹಾಕಿದರೆ ಬೆಳಿಗ್ಗೆ ಲೆಕ್ಕ ಕಡಿಮೆ.

ನಮ್ಮ ಮನೆ ಚಿತ್ರದುರ್ಗದ ಅಂಚಿನಲ್ಲಿದೆ, ಜೋಗಿಮಟ್ಟಿ ಕಾಡಿನ ಕಡೆಗೆ. ಹಿತ್ತಲು ಮುಗಿದರೆ ಶೇಂಗಾ ಹೊಲ, ಅದರಾಚೆ ಬಳ್ಳಾರಿ ಜಾಲಿ, ಕಲ್ಲುಗುಡ್ಡ. ಬದುವಿನ ಉದ್ದಕ್ಕೂ ಕತ್ತಾಳೆ ಬೇಲಿ. ಇಂಥ ಜಾಗದಲ್ಲಿ ಕೋಳಿ ಸಾಕಿದರೆ ಗಿರಾಕಿಗಳು ಬಂದೇ ಬರುತ್ತಾರೆ. ಹನ್ನೊಂದು ಹೇಂಟೆ, ಒಂದು ಹುಂಜ, ಎಲ್ಲಾ ನಾಟಿ. ಅವ್ವನ ಕೋಳಿಗಳು ಅನ್ನಬೇಕು. ಅವಳು ಕೂಗಿದರೆ ಮಾತ್ರ ಹಿತ್ತಲ ತುದಿಯಿಂದ ಓಡಿ ಬರುತ್ತವೆ.

ಪಕ್ಕದ ಮನೆ ಅಕ್ಕನ ಬೂದು ಬೆಕ್ಕಿನ ಮೇಲೆ ನನಗೆ ಮೊದಲಿಂದ ಅನುಮಾನ. ಹೋಗಿ ಜಗಳ ಮಾಡುವವನೇ ಇದ್ದೆ. ಅವ್ವ ತಡೆದಳು.

"ಕಣ್ಣಾರೆ ಕಂಡೀಯೇನು? ಮೊದ್ಲು ಬೂದಿ ಹಾಕಿ ನೋಡು. ನಿಮ್ಮಜ್ಜ ಕಾಳು ತುಂಬಿದ ಹಗೇವಿನ ಬಾಯಿಗೆ ಹಂಗೇ ಹಾಕ್ತಿದ್ದ. ಯಾರು ಬಂದ್ರೂ ಗೊತ್ತಾಗ್ತೈತೆ."

ನೀರೊಲೆಯ ಬೂದಿಯನ್ನು ಜರಡಿ ಹಿಡಿದು ಗೂಡಿನ ಸುತ್ತ ಒಂದು ಅಡಿ ಅಗಲಕ್ಕೆ ಹರಡಿದೆ. ಒಳಗೂ ಒಂದು ಮೂಲೆಗೆ ಹಾಕಿದೆ. ಇಷ್ಟು ಸುಲಭದ ಕೆಲಸವನ್ನು ಮೊದಲೇ ಮಾಡಿದ್ದರೆ ಎರಡು ಮರಿಯಾದರೂ ಉಳಿಯುತ್ತಿದ್ದವು.

ಬೆಳಿಗ್ಗೆ ನೋಡಿದರೆ ಒಳಗಿನ ಮೂಲೆಯಲ್ಲಿ ಸಣ್ಣ ಹೆಜ್ಜೆಗಳು. ಅವುಗಳ ನಡುವೆ ದಾರ ಎಳೆದ ಹಾಗೆ ಒಂದು ಗೆರೆ. ಅದು ಬಾಲದ ಗೆರೆ. ಗೆರೆಯ ಜಾಡು ಹಿಡಿದರೆ ನುಚ್ಚಿನ ಚೀಲದ ಹಿಂದಕ್ಕೆ ಹೋಯಿತು. ಚೀಲ ಸರಿಸಿದೆ. ಗೋಡೆಯ ಬುಡದಲ್ಲಿ ಮುಷ್ಟಿ ಹೋಗುವಷ್ಟು ದೊಡ್ಡ ಬಿಲ, ಮುಂದೆ ಹೊಸ ಮಣ್ಣಿನ ಗುಡ್ಡೆ. ಹೆಗ್ಗಣ. ಹಾರೆ ತಂದು ಒಂದೂವರೆ ಅಡಿ ಬಗೆದಾಗ ಹಳದಿ ತುಪ್ಪಳ ಮತ್ತು ಒಂದು ಮರಿಯ ಕಾಲು ಸಿಕ್ಕಿತು. ಬೆರಳಿನ ಗೆಣ್ಣಿನಷ್ಟು ಉದ್ದದ ಕಾಲು. ಸ್ವಲ್ಪ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ಹಾಗಂತ ಹಾಡಹಗಲೇ ಕೆಂಚಿಯ ಕುತ್ತಿಗೆ ಕಚ್ಚಿದ್ದು ಹೆಗ್ಗಣ ಅಲ್ಲ. ಅವತ್ತು ಮಧ್ಯಾಹ್ನ ಬಾಗಿಲ ಹತ್ತಿರದ ಬೂದಿಯಲ್ಲಿ ಬೇರೆ ಹೆಜ್ಜೆ ಮೂಡಿತ್ತು. ಐದು ಬೆರಳು, ಬೆರಳ ಮುಂದೆ ಉಗುರಿನ ಚುಕ್ಕೆ. ಬೆಕ್ಕಿನ ಹೆಜ್ಜೆಗೆ ನಾಲ್ಕೇ ಬೆರಳು, ಉಗುರು ಕಾಣುವುದಿಲ್ಲ, ನಡೆಯುವಾಗ ಒಳಗೆ ಎಳೆದುಕೊಂಡಿರುತ್ತೆ. ನಾಯಿಗೆ ನಾಲ್ಕು ಬೆರಳು, ಉಗುರು ಕಾಣುತ್ತೆ. ಐದು ಬೆರಳು, ಉಗುರು, ಅದೂ ಹಗಲು ಹೊತ್ತು ಅಂದರೆ ಮುಂಗುಸಿ. ರಾತ್ರಿ ಒಬ್ಬರು, ಹಗಲು ಒಬ್ಬರು. ಬೆಕ್ಕಿನ ಹೆಜ್ಜೆ ಮಾತ್ರ ಎಲ್ಲೂ ಇರಲಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ವಿಷಯ ಹೇಳಿದರೆ ಅವರು ಮೊದಲು ಮುಂದಿಟ್ಟಿದ್ದು ಇಲಿ ಪಾಷಾಣದ ಪೊಟ್ಟಣ. ಬೇಡ ಅಂದೆ. ಪಾಷಾಣ ತಿಂದ ಹೆಗ್ಗಣ ಬಿಲದಲ್ಲೇ ಸಾಯುತ್ತೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ. ಹಿತ್ತಲಲ್ಲಿ ಬಿದ್ದರೆ ಕೋಳಿ ಕುಕ್ಕುತ್ತೆ, ಬೆಕ್ಕು ತಿನ್ನುತ್ತೆ, ಗೂಬೆ ಎತ್ತಿಕೊಂಡು ಹೋಗುತ್ತೆ. ಇಲಿ ಹಿಡಿಯುವ ಗೂಬೆಯನ್ನೇ ಕೊಂದು ಇಲಿ ಕಡಿಮೆ ಮಾಡೋದು ಯಾವ ಲೆಕ್ಕ? ಅಂಟಿನ ಹಲಗೆಯೂ ಬೇಡ. ಅದರಲ್ಲಿ ಸಿಕ್ಕ ಪ್ರಾಣಿ ಗಂಟೆಗಟ್ಟಲೆ ಚರ್ಮ ಕಿತ್ತುಕೊಂಡು ಒದ್ದಾಡುತ್ತೆ. ಓಣಿಯವರೊಬ್ಬರು ತಂತಿ ಉರುಳು ಹಾಕಿಕೊಡ್ತೀನಿ ಅಂದರು. ಅದಂತೂ ಬೇಡವೇ ಬೇಡ. ಜೀವಂತ ಹಿಡಿಯುವ ಬೋನೇ ಸಾಕು ಅಂತ ನಿರ್ಧಾರ ಮಾಡಿದೆ. ಅಂಗಡಿಯ ಇಲಿ ಬೋನು ಹೆಗ್ಗಣಕ್ಕೆ ಚಿಕ್ಕದು, ಬಾಲ ಬಾಗಿಲಿಗೆ ಸಿಕ್ಕಿ ತುಂಡಾಗುತ್ತೆ. ಹಾಗಾಗಿ ನಾನೇ ಕಟ್ಟಲು ಕೂತೆ.

ಬೋನಿನ ಅಳತೆ: ಉದ್ದ 30 ಇಂಚು, ಅಗಲ 10, ಎತ್ತರ 12. ಉದ್ದ ಕಡಿಮೆ ಮಾಡಬೇಡಿ. ಪ್ರಾಣಿ ಪೂರ್ತಿ ಒಳಗೆ ಬಂದು, ಬಾಲವೂ ಬಂದ ಮೇಲೆಯೇ ಅದರ ಕಾಲು ಬಾಗಿಲು ಬೀಳಿಸುವ ತಗಡಿನ ಮೇಲೆ ಬೀಳಬೇಕು. ಮೈಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸೆದ ತಂತಿ ಜಾಲರಿ ತಂದೆ. ಒಂದು ಹಾಳೆಯನ್ನು ಹಲಗೆಯ ಅಂಚಿಗೆ ಒತ್ತಿ ನಾಲ್ಕು ಮಡಿಕೆ ಮಾಡಿ, ಸೇರುವ ಕಡೆ ಬೈಂಡಿಂಗ್ ವೈರಿನಿಂದ ಹೊಲಿದೆ. ಕತ್ತರಿಸಿದ ತಂತಿಯ ತುದಿಗಳು ಒಳಗೆ ಚಾಚಿಕೊಂಡಿರುತ್ತವೆ. ಸಿಕ್ಕ ಪ್ರಾಣಿ ಗಾಬರಿಯಲ್ಲಿ ಮೂತಿ ಉಜ್ಜುತ್ತೆ, ಕಣ್ಣಿಗೆ ಚುಚ್ಚಿಕೊಳ್ಳುತ್ತೆ. ಒಂದೊಂದು ತುದಿಯನ್ನೂ ಪ್ಲೇಯರ್‌ನಿಂದ ಹೊರಕ್ಕೆ ಮಡಚಿ ಅರ ಹಾಕಿದೆ. ಆಮೇಲೆ ಬರಿಗೈ ಒಳಗೆ ಹಾಕಿ ನಾಲ್ಕೂ ಕಡೆ ಸವರಿ ನೋಡಿದೆ. ಎರಡು ಕಡೆ ಗೀರಿತು. ಅವನ್ನೂ ಅರ ಹಾಕಿದೆ. ಈ ಕೆಲಸಕ್ಕೇ ಒಂದು ಸಂಜೆ ಹೋಯಿತು.

ಬಾಗಿಲು ಮೇಲಿಂದ ಕೆಳಗೆ ಬೀಳುವಂಥದ್ದು. ಗುಜರಿ ಅಂಗಡಿಯಲ್ಲಿ ಸ್ಲೈಡಿಂಗ್ ಕಿಟಕಿಯ ಅಲ್ಯೂಮಿನಿಯಂ ಪಟ್ಟಿ ಸಿಕ್ಕಿತು. ಎರಡು ಪಟ್ಟಿಗಳನ್ನು ಎರಡು ಕಡೆ ನಿಲ್ಲಿಸಿ, ನಡುವೆ ತಗಡಿನ ಬಾಗಿಲು ಇಳಿಬಿಟ್ಟೆ. ಬಾಗಿಲ ಕೆಳ ಅಂಚಿಗೆ ಹಳೇ ಸೈಕಲ್ ಟ್ಯೂಬು ಸೀಳಿ ಅಂಟಿಸಿದೆ. ಬಾಲವೋ ಕಾಲೋ ಅಡ್ಡ ಬಂದರೂ ಪೆಟ್ಟಾಗಬಾರದು ಅಂತ.

ಇನ್ನು ಬಾಗಿಲು ಬೀಳಿಸುವ ಭಾಗ. ಮೂರು ಸಲ ಬಿಚ್ಚಿ ಕಟ್ಟಿದ್ದು ಇದನ್ನೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಬೋನಿನ ನೆಲದಲ್ಲಿ, ಬಾಗಿಲಿನಿಂದ 18 ಇಂಚು ಒಳಗೆ, ಒಂದು ಅಡ್ಡ ಸರಳು ಹಾಕಿ. ಅದಕ್ಕೆ 8 ಇಂಚಿನ ತಗಡು ಜೋಡಿಸಿ. ತಗಡಿನ ಮುಂದಿನ ಅಂಚು ಸರಳಿಗೆ ಸಿಕ್ಕಿರಬೇಕು, ಹಿಂದಿನ ಅಂಚು ಅರ್ಧ ಇಂಚು ಎತ್ತರದಲ್ಲಿ ನಿಂತಿರಬೇಕು. ಅದೇ ಸರಳಿಗೆ, ತಗಡಿನ ಜೊತೆ ಅಲುಗದಂತೆ ಒಂದಾಗಿ, ಒಂದು ಗಟ್ಟಿ ತಂತಿ ನೆಟ್ಟಗೆ ನಿಂತು ಬೋನಿನ ಮೇಲಕ್ಕೆ ತಲೆ ಹಾಕಬೇಕು. ತಗಡಿನ ಮೇಲೆ ಕಾಲು ಬಿದ್ದರೆ ಹಿಂದಿನ ಅಂಚು ಕೆಳಗೆ ಹೋಗುತ್ತೆ, ನಿಂತ ತಂತಿಯ ತಲೆ ಹಿಂದಕ್ಕೆ ವಾಲುತ್ತೆ. ಆ ತಲೆಗೆ ಒಂದು ಉದ್ದ ಕಡ್ಡಿ ಕಟ್ಟಿ, ಬೋನಿನ ಮೇಲೆ ಎರಡು ಬಳೆಗಳ ಮೂಲಕ ಬಾಗಿಲ ತನಕ ತನ್ನಿ. ಕಡ್ಡಿಯ ತುದಿ ಬಾಗಿಲಿನ ತೂತಿನಲ್ಲಿ ಕೂತು ಬಾಗಿಲನ್ನು ಎತ್ತಿ ಹಿಡಿದಿರುತ್ತೆ. ತಲೆ ವಾಲಿದಾಗ ಕಡ್ಡಿ ಹಿಂದೆ ಸರಿಯುತ್ತೆ, ತುದಿ ತೂತಿನಿಂದ ಹೊರಗೆ ಬರುತ್ತೆ, ಬಾಗಿಲು ದಬ್ ಅಂತ ಬೀಳುತ್ತೆ. ತಗಡು ತನ್ನ ತೂಕಕ್ಕೇ ಕೆಳಗೆ ಕೂರದಂತೆ ಹಿಂದಿನ ಅಂಚಿನ ಕೆಳಗೆ ಒಂದು ಸಣ್ಣ ಸ್ಪ್ರಿಂಗ್ ಇಟ್ಟೆ. ಹಳೇ ಪೆನ್ನಿನೊಳಗಿನದು ಸಾಕಾಯಿತು.

ಕಡ್ಡಿಗೆ ಸೈಕಲ್ ಸ್ಪೋಕು ಹಾಕಿದೆ. ಮೊದಲ ಸಲ ಅದರ ತುದಿಯನ್ನು ಬಾಗಿಲೊಳಗೆ ಒಂದು ಇಂಚು ತೂರಿಸಿದ್ದೆ. ಪರೀಕ್ಷೆಗೆ ಕಾಲು ಕೆಜಿ ಶೇಂಗಾ ಪೊಟ್ಟಣ ತಗಡಿನ ಮೇಲೆ ಇಟ್ಟೆ. ಏನೂ ಆಗಲಿಲ್ಲ. ಅರ್ಧ ಕೆಜಿ ಇಟ್ಟರೂ ಬಾಗಿಲು ಅಲುಗಲಿಲ್ಲ. ಬಾಗಿಲಿನ ಪೂರ್ತಿ ತೂಕ ಆ ತುದಿಯ ಮೇಲೆ ಕೂತು ಬಿಗಿ ಹಿಡಿದಿತ್ತು. ಎರಡನೇ ಸಲ ದಪ್ಪ ತಗಡಿನ ಬಾಗಿಲು ತೆಗೆದು ಎಣ್ಣೆ ಡಬ್ಬದ ತೆಳು ತಗಡು ಹಾಕಿದೆ. ತುದಿ ಒಳಗೆ ಹೋಗುವುದನ್ನು ಅಕ್ಕಿಕಾಳಿನ ಉದ್ದಕ್ಕೆ ಇಳಿಸಿದೆ. ಈಗ ಗಾಳಿ ಬೀಸಿದರೂ ಬೀಳತೊಡಗಿತು. ನಮ್ಮೂರ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿದ್ದಾರೆ. ಮೂರನೇ ಸಲ ತುದಿಯನ್ನು ಅರ್ಧ ಸೆಂಟಿಮೀಟರ್ ಮಾಡಿದೆ. ಸ್ಪೋಕಿನ ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಗುಂಡಗೆ ಮಾಡಿ, ತೂತಿನ ಒರಟನ್ನೂ ತೆಗೆದು, ಎರಡಕ್ಕೂ ಮೇಣದಬತ್ತಿ ಉಜ್ಜಿದೆ. ಕಾಲು ಕೆಜಿ ಪೊಟ್ಟಣ ಇಟ್ಟ ಕೂಡಲೇ ಬಿತ್ತು. ಹತ್ತು ಸಲ ಇಟ್ಟೆ, ಹತ್ತೂ ಸಲ ಬಿತ್ತು. ಮೇಣ ಉಜ್ಜಿದ್ದೇ ದೊಡ್ಡ ವ್ಯತ್ಯಾಸ ಮಾಡಿತು.

ಮೊದಲ ಮೂರು ರಾತ್ರಿ ಬಾಗಿಲನ್ನು ತಂತಿಯಿಂದ ಮೇಲೆ ಕಟ್ಟಿಬಿಟ್ಟೆ, ಬೀಳಲೇಬಾರದು ಅಂತ. ಒಳಗೆ ಸುಟ್ಟ ಕೊಬ್ಬರಿ ಚೂರು. ಹೊಸ ವಸ್ತು ಕಂಡರೆ ಹೆಗ್ಗಣಕ್ಕೆ ಅನುಮಾನ ಜಾಸ್ತಿ. ಮೊದಲು ಅಲ್ಲಿ ತಿಂದು ಅಭ್ಯಾಸ ಆಗಬೇಕು. ಮೊದಲ ರಾತ್ರಿ ಮುಟ್ಟಲಿಲ್ಲ. ಎರಡನೇ ರಾತ್ರಿ ಬಾಗಿಲ ಹತ್ತಿರದ ಚೂರು ಮಾಯ. ಮೂರನೇ ರಾತ್ರಿ ಒಳಗಿನದೂ ಖಾಲಿ.

ನಾಲ್ಕನೇ ರಾತ್ರಿ ಬೋನು ಹೂಡಿದೆ. ಬೆಳಿಗ್ಗೆ ಬಾಗಿಲು ಬಿದ್ದಿತ್ತು, ಒಳಗೆ ಯಾರೂ ಇಲ್ಲ. ಕೊಬ್ಬರಿಯೂ ಇಲ್ಲ, ಹಿಕ್ಕೆ ಮಾತ್ರ ಇತ್ತು. ತೆಳು ಬಾಗಿಲನ್ನು ಮೂತಿಯಿಂದ ಎತ್ತಿ ಹೊರಗೆ ಹೋಗಿತ್ತು. ಬಾಗಿಲು ಹಗುರ ಮಾಡಿದ್ದಕ್ಕೆ ಸಿಕ್ಕ ಪಾಠ ಇದು. ಅವತ್ತು ಬಾಗಿಲ ಚೌಕಟ್ಟಿಗೆ ಒಂದು ಸಣ್ಣ ಕೀಲು (ಹಿಂಜ್) ಬಡಿದೆ. ಬಾಗಿಲು ಮೇಲಿದ್ದಾಗ ಕೀಲಿನ ಎಲೆ ಅದಕ್ಕೆ ಒರಗಿಕೊಂಡಿರುತ್ತೆ. ಬಾಗಿಲು ಬಿದ್ದ ಕೂಡಲೇ ಎಲೆ ಮಗುಚಿ ಬಾಗಿಲ ತಲೆಯ ಮೇಲೆ ಕೂರುತ್ತೆ. ಒಳಗಿಂದ ಎಷ್ಟು ಎತ್ತಿದರೂ ಏಳಲ್ಲ.

ಐದನೇ ರಾತ್ರಿ ಕೊಬ್ಬರಿ ಮುಗಿದಿತ್ತು ಅಂತ ಒಣಮೀನಿನ ತುಂಡು ಇಟ್ಟೆ. ಬೆಳಗಿನ ಜಾವ ಬೋನಿನಿಂದ ಜೋರಾಗಿ ಮಿಯಾಂವ್. ಪಕ್ಕದ ಮನೆಯ ಬೂದು ಬೆಕ್ಕು! ಬಾಗಿಲೆತ್ತಿದೆ, ಬೇಲಿ ಹಾರಿ ಓಡಿತು. ಅಕ್ಕನ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ, ಅನುಮಾನ ಪಟ್ಟಿದ್ದಕ್ಕೆ ತಪ್ಪಾಯ್ತು ಅಂತಲೂ ಹೇಳಿದೆ.

"ಹೋಗ್ಲಿ ಬಿಡಪ್ಪ, ಮೀನಿಟ್ರೆ ಬೆಕ್ಕು ಬರದೆ ಇನ್ಯಾರು ಬರ್ತಾರೆ" ಅಂದರು. ನಿಜ. ಏನಿಡುತ್ತೇವೋ ಅದಕ್ಕೆ ತಕ್ಕ ಅತಿಥಿ. ಆಮೇಲೆ ಕೊಬ್ಬರಿ ಬಿಟ್ಟು ಬೇರೆ ಏನೂ ಇಡಲಿಲ್ಲ.

ಆರನೇ ರಾತ್ರಿ ಹೆಗ್ಗಣ ಸಿಕ್ಕಿತು. ಹತ್ತಿರ ಹೋದರೆ ಬೆನ್ನ ಕೂದಲು ನಿಮಿರಿಸಿ ಗುರ್ ಅನ್ನುತ್ತಿತ್ತು. ಬೋನಿನ ಮೇಲೆ ಗೋಣಿಚೀಲ ಹೊದಿಸಿದೆ. ಕತ್ತಲಾದ ಕೂಡಲೇ ಸುಮ್ಮನಾಯಿತು. ಯಾವ ಪ್ರಾಣಿ ಸಿಕ್ಕರೂ ಮೊದಲು ಮಾಡಬೇಕಾದ ಕೆಲಸ ಇದು. ಕೈಗೆ ದಪ್ಪ ಗ್ಲೌಸ್ ಇರಲೇಬೇಕು. ಇಲಿ, ಹೆಗ್ಗಣದ ಮೂತ್ರದಿಂದ ಇಲಿ ಜ್ವರ ಬರುತ್ತೆ, ಕೈಯಲ್ಲಿ ಸಣ್ಣ ಗಾಯ ಇದ್ದರೂ ಸಾಕು. ಬೆಕ್ಕೋ ಮುಂಗುಸಿಯೋ ಕಚ್ಚಿದರೆ ಹುಚ್ಚುನಾಯಿ ರೋಗದ ಭಯ ಇದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಬೋನನ್ನು ಪ್ರತಿಸಲ ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು ಬಿಸಿಲಿಗೆ ಇಡುತ್ತಿದ್ದೆ.

ಆ ಹೆಗ್ಗಣವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿ, ಮನೆ ಹೊಲ ಯಾವುದೂ ಇಲ್ಲದ ಕಲ್ಲು ಬಯಲಲ್ಲಿ ಬಿಟ್ಟೆ. ಎರಡು ವಾರದಲ್ಲಿ ಇನ್ನೂ ಮೂರು ಸಿಕ್ಕವು. ನಾಲ್ಕನೆಯದನ್ನು ಬಿಡುವಾಗ ಮನಸ್ಸಿಗೆ ಸರಿ ಅನ್ನಿಸಲಿಲ್ಲ. ಬಿಲ ಇಲ್ಲದ, ಕಾಳಿಲ್ಲದ ಜಾಗದಲ್ಲಿ ಬಿಟ್ಟು ಬಂದರೆ ಅದು ಬದುಕೋದು ಕಷ್ಟ. ಊಟ ಸಿಗುವ ಜಾಗದಲ್ಲಿ ಬಿಟ್ಟರೆ ಇನ್ಯಾರದೋ ಕೋಳಿಮರಿಗೆ ಕುತ್ತು. ಪರಿಚಯದ ಪಶುವೈದ್ಯರ ಹತ್ತಿರ ಮಾತಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನುಚ್ಚಿನ ಚೀಲ ಇನ್ನೂ ಗೂಡಲ್ಲೇ ಇದೆಯಾ?"

ಹೌದು, ಅಲ್ಲೇ ಇತ್ತು. ಆವತ್ತೇ ನುಚ್ಚನ್ನು ಮುಚ್ಚಳ ಇರುವ ಡ್ರಮ್ಮಿಗೆ ಸುರಿದು ಮನೆಯೊಳಗೆ ಇಟ್ಟೆ. ಸಂಜೆ ಕೋಳಿ ತಿಂದು ಬಿಟ್ಟ ಕಾಳನ್ನೂ ಗುಡಿಸಿ ತೆಗೆಯತೊಡಗಿದೆ.

ಮುಂಗುಸಿಯ ದಿನ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು. ಹೆಗ್ಗಣ ಸಿಕ್ಕ ಧೈರ್ಯದಲ್ಲಿ ನಾನು ಹಗಲೂ ಬೋನು ಹೂಡಿದೆ, ಒಳಗೆ ಮೊಟ್ಟೆ ಇಟ್ಟು. ಕೋಳಿಗಳನ್ನು ಗೂಡಲ್ಲೇ ಕೂಡಿದ್ದೆ. ನುಗ್ಗೆಮರದ ನೆರಳಲ್ಲಿ ಬೋನು ಇಟ್ಟು ಗಂಟೆಗೊಮ್ಮೆ ನೋಡುತ್ತಿದ್ದೆ. ಹನ್ನೊಂದರ ಹೊತ್ತಿಗೆ ಬಾಗಿಲು ಬಿದ್ದಿತ್ತು. ಒಳಗೆ ಬೂದು ಬಣ್ಣದ ಮುಂಗುಸಿ. ಕೂದಲಲ್ಲಿ ಕಪ್ಪು ಬಿಳುಪು ಚುಕ್ಕೆ ಬೆರೆತು ಉಪ್ಪು ಮೆಣಸು ಎರಚಿದ ಹಾಗೆ. ಕಣ್ಣು ಕೆಂಪುಗಂದು. ಹಿಂಗಾಲ ಮೇಲೆ ನಿಂತು ಮೆಶ್ ಹಿಡಿದು ನನ್ನನ್ನೇ ನೋಡಿತು. ಹಾಗೆ ನಿಂತಾಗ ಹೊಟ್ಟೆಯ ಮೇಲೆ ಮೊಲೆತೊಟ್ಟು ಕಂಡವು, ಸುತ್ತ ಕೂದಲು ಸವೆದಿತ್ತು. ಮರಿಗಳಿಗೆ ಹಾಲು ಕುಡಿಸುತ್ತಿದ್ದ ತಾಯಿ ಅದು.

ಅವ್ವ ಬಗ್ಗಿ ನೋಡಿ, "ಅಯ್ಯೋ, ಬಾಣಂತಿ ಕಣೋ" ಅಂದಳು. ಕೆಂಚಿ ಸತ್ತಾಗ ಎರಡು ದಿನ ಸರಿಯಾಗಿ ಊಟ ಮಾಡದವಳು ಅವಳು.

ಜೋಗಿಮಟ್ಟಿ ಕಾಡಿನಲ್ಲಿ ಬಿಡೋಣ ಅಂದುಕೊಂಡು ಅರಣ್ಯ ಇಲಾಖೆಯಲ್ಲಿರುವ ಪರಿಚಯದವರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ, ಆದರೆ ಸ್ಪಷ್ಟವಾಗಿ ಹೇಳಿದರು. "ಸರ್, ಎಲ್ಲಿಗೂ ಒಯ್ಯಬೇಡಿ, ನಿಂತ ಜಾಗದಲ್ಲೇ ಈಗ್ಲೇ ಬಿಡಿ. ಮರಿ ಅಲ್ಲೇ ಬದುವಲ್ಲಿರ್ತವೆ. ಇನ್ನೊಂದು ಮಾತು, ಮುಂಗುಸಿನ ಬೋನಿಗೆ ಹಾಕೋದೂ ಕಾನೂನಲ್ಲಿ ಬೇಟೆನೇ."

ಇದು ನನಗೆ ಗೊತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬೋನಿಗೆ ಹಾಕುವುದು, ಉರುಳು ಹಾಕುವುದು, ಅದಕ್ಕೆ ಪ್ರಯತ್ನ ಮಾಡುವುದು ಎಲ್ಲವೂ ಬೇಟೆಯೇ. ಮುಂಗುಸಿ, ಕಾಡುಬೆಕ್ಕು, ಪುನುಗು, ಗುಳ್ಳೆನರಿ, ಉಡ, ಎಲ್ಲದಕ್ಕೂ ಈ ಕಾಯ್ದೆಯ ರಕ್ಷಣೆ ಇದೆ. ಹಾಗಾಗಿ ಓದುವವರಿಗೆ ನೇರವಾಗಿ ಹೇಳುತ್ತೇನೆ: ಮೇಲೆ ಬರೆದ ಬೋನು ಹೆಗ್ಗಣಕ್ಕೆ ಮಾತ್ರ. ರಾತ್ರಿ ಮಾತ್ರ, ಕೊಬ್ಬರಿ ಮಾತ್ರ. ತಪ್ಪಿ ಬೇರೆ ಪ್ರಾಣಿ ಸಿಕ್ಕರೆ ಅಲ್ಲೇ ಬಿಡಿ. ಗಾಯವಾದ ಪ್ರಾಣಿ ಕಂಡರೆ ಅಥವಾ ಚಿರತೆಯಂಥದ್ದು ಓಡಾಡುತ್ತಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ.

ಬೋನನ್ನು ಕತ್ತಾಳೆ ಬೇಲಿಯ ಕಡೆಗೆ ತಿರುಗಿಸಿ, ಹಿಂದೆ ನಿಂತು ಬಾಗಿಲೆತ್ತಿದೆ. ಅದು ತಕ್ಷಣ ಹೊರಗೆ ಬರಲಿಲ್ಲ. ಮೂತಿ ಹೊರಗೆ ಚಾಚಿ ಗಾಳಿ ಮೂಸಿತು. ಆಮೇಲೆ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಬದುವಿನ ಗುಂಟ ಹರಿದುಹೋಯಿತು. ಒಳಗಿಟ್ಟ ಮೊಟ್ಟೆ ಹಾಗೇ ಇತ್ತು.

ಅಂದರೆ ಮುಂಗುಸಿ ಇಲ್ಲೇ ಇರುತ್ತೆ, ಮರಿಗಳ ಸಮೇತ. ಅದನ್ನು ಕಳಿಸುವ ದಾರಿ ಇಲ್ಲ, ಕಳಿಸಬಾರದು ಕೂಡ. ಬದುವಿನ ಇಲಿ ಹಾವುಗಳನ್ನು ಹದ್ದುಬಸ್ತಲ್ಲಿ ಇಡುವುದೂ ಅದೇ. ಇನ್ನು ಉಳಿದಿದ್ದು ಗೂಡು ಗಟ್ಟಿ ಮಾಡುವುದೊಂದೇ.

ಹಳೇ ಗೂಡು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಎರಡು ಅಡಿ ಇಟ್ಟಿಗೆ ಗೋಡೆ, ಮೇಲೆ ಆರು ಮೂಲೆ ಕಣ್ಣಿನ ಕೋಳಿ ಮೆಶ್, ತಗಡಿನ ಮಾಡು, ಮಣ್ಣಿನ ನೆಲ. ಆ ಮೆಶ್ ಕೋಳಿ ಹೊರಗೆ ಹೋಗದಂತೆ ತಡೆಯುತ್ತೆ ಅಷ್ಟೇ, ಬೇರೆಯವರು ಒಳಗೆ ಬರೋದನ್ನು ತಡೆಯಲ್ಲ. ನಾಯಿ ಹಲ್ಲು ಹಾಕಿ ಎಳೆದರೆ ಸಡಿಲವಾಗುತ್ತೆ, ಕೋಳಿಮರಿ ತಲೆ ಹೊರಗೆ ಹಾಕಿ ಸಿಕ್ಕಿಕೊಳ್ಳುತ್ತೆ. ಎಲ್ಲಾ ಕಿತ್ತುಹಾಕಿದೆ. ಅರ್ಧ ಇಂಚಿನ ವೆಲ್ಡ್ ಮೆಶ್ ಬಿಗಿದೆ. ಮೊಳೆಗೆ ಸಿಕ್ಕಿಸಿ ಬಿಡಲಿಲ್ಲ. ಮೇಲೆ ಮರದ ಪಟ್ಟಿ ಇಟ್ಟು ಗೇಣಿಗೊಂದು ಸ್ಕ್ರೂ ಹಾಕಿದೆ.

ಬುಡಕ್ಕೆ ಏನು ಮಾಡೋದು ಅನ್ನೋದೇ ದೊಡ್ಡ ಯೋಚನೆಯಾಗಿತ್ತು. ಗೋಡೆ ಸುತ್ತ ಎರಡು ಅಡಿ ಆಳ ಅಗೆದು ಮೆಶ್ ಹೂಳಬೇಕು ಅಂತ ಕೇಳಿದ್ದೆ. ನಮ್ಮದು ಗರಸು ನೆಲ. ಹಾರೆ ಹಾಕಿದರೆ ಕಿಡಿ ಬರುತ್ತೆ. ಅರ್ಧ ದಿನ ಅಗೆದರೂ ಒಂದು ಕಡೆ ಅರ್ಧ ಅಡಿ ಆಗಲಿಲ್ಲ. ವೆಲ್ಡಿಂಗ್ ಅಂಗಡಿಯ ಭಾಯಿ ಬೇರೆ ದಾರಿ ಹೇಳಿದರು. "ಅಗೀಬ್ಯಾಡಿ ಅಣ್ಣ, ಹಾಸಿಬಿಡಿ. ಅದು ಗೋಡೆ ಬುಡದಾಗೇ ಕೆರೆಯೋದು. ಎರಡಡಿ ಹಿಂದೆ ಹೋಗಿ ಸುರಂಗ ಹೊಡಿಯೋ ಬುದ್ಧಿ ಅದಕ್ಕಿಲ್ಲ."

ಅವರು ಹೇಳಿದ್ದು ಸರಿ. ನೆಲ ಕೆರೆಯುವ ಪ್ರಾಣಿ ಗೋಡೆಗೆ ಮೂತಿ ತಾಗಿದ ಜಾಗದಲ್ಲೇ ಕೆರೆಯುತ್ತೆ. ಕಾಲಡಿ ಮೆಶ್ ಸಿಕ್ಕರೆ ಅಲ್ಲೇ ಆಚೆ ಈಚೆ ಪ್ರಯತ್ನ ಮಾಡಿ ಬಿಟ್ಟುಹೋಗುತ್ತೆ. ನಾಲ್ಕು ಅಡಿ ಅಗಲದ ಮೆಶ್ ಸುರುಳಿಯನ್ನು ಉದ್ದಕ್ಕೆ ಸೀಳಿ ಎರಡಡಿಯ ಪಟ್ಟಿ ಮಾಡಿದೆ. ಅರ್ಧ ಅಡಿ ಗೋಡೆಗೆ ಏರಿಸಿ, ಒಂದೂವರೆ ಅಡಿ ನೆಲದ ಮೇಲೆ ಹೊರಕ್ಕೆ ಹಾಸಿ, ಮೇಲೆ ಮಣ್ಣು ಎಳೆದು ಚಪ್ಪಡಿ ತುಂಡು ಹೇರಿದೆ. ಕಲ್ಲಿಗೆ ಚಿತ್ರದುರ್ಗದಲ್ಲಿ ಬರವೇ?

ನಾನು ತಪ್ಪಿದ್ದು ಮೂಲೆಗಳಲ್ಲಿ. ಎರಡು ಕಡೆಯ ಪಟ್ಟಿ ನೇರವಾಗಿ ಹಾಸಿದರೆ, ಗೂಡಿನ ಪ್ರತಿ ಮೂಲೆಯ ಹೊರಗೆ ಒಂದೂವರೆ ಅಡಿ ಚೌಕ ಖಾಲಿ ಉಳಿಯುತ್ತೆ. ಅಷ್ಟು ಯಾಕೆ ಅಂತ ಬಿಟ್ಟಿದ್ದೆ. ನಾಲ್ಕನೇ ಬೆಳಿಗ್ಗೆ ಸರಿಯಾಗಿ ಅದೇ ಚೌಕದಲ್ಲಿ ಹೊಸ ಮಣ್ಣಿನ ಗುಡ್ಡೆ ಎದ್ದಿತ್ತು. ನಾಲ್ಕೂ ಮೂಲೆಗೆ ಬೇರೆ ತುಂಡು ಕತ್ತರಿಸಿ, ಪಟ್ಟಿಗಳ ಮೇಲೆ ನಾಲ್ಕು ಬೆರಳು ಹತ್ತುವಂತೆ ಇಟ್ಟು ತಂತಿಯಿಂದ ಹೊಲಿದೆ. ಆಮೇಲೆ ಮಣ್ಣು ಏಳಲಿಲ್ಲ.

ಒಳನೆಲಕ್ಕೂ ಮೆಶ್ ಹಾಸಿ, ಕೋಳಿ ಕಾಲಿಗೆ ತಾಗದಂತೆ ನಾಲ್ಕು ಇಂಚು ಮಣ್ಣು ತುಂಬಿ, ಮೇಲೆ ಶೇಂಗಾ ಸಿಪ್ಪೆ ಹರಡಿದೆ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಹಾಗಾಗಿ ಈ ಕಡೆ ಸಿಪ್ಪೆಗೆ ತಾಪತ್ರಯ ಇಲ್ಲ. ಆದರೆ ಪೂರ್ತಿ ಒಣಗಿದ ಸಿಪ್ಪೆಯೇ ಬೇಕು. ಬೂಷ್ಟು ಹಿಡಿದ ಶೇಂಗಾ ಕೋಳಿಗೆ ವಿಷ, ಲಿವರ್ ಕೆಡುತ್ತೆ.

ಮಾಡಿನ ತಗಡು ಅಲೆಅಲೆಯಾಗಿರುತ್ತಲ್ಲ, ಗೋಡೆಯ ಮೇಲೆ ಕೂತಲ್ಲಿ ಪ್ರತಿ ಅಲೆಯ ಕೆಳಗೂ ಒಂದು ಕಂಡಿ. ಕೆಳಗಿಂದ ನೋಡಿದರೆ ಚಿಕ್ಕದು. ಏಣಿ ಹತ್ತಿ ಕೈ ಹಾಕಿದರೆ ಮೂರು ಬೆರಳು ಸಲೀಸಾಗಿ ಹೋದವು. ಒಂದು ಕಂಡಿಯಲ್ಲಿ ಬೂದು ಕೂದಲು ಸಿಕ್ಕಿಕೊಂಡಿತ್ತು. ಮುಂಗುಸಿ ಬಂದ ದಾರಿ ಅದೇ. ಬಾಗಿಲ ಹತ್ತಿರದ ಹೆಜ್ಜೆ ನೋಡಿ ಬಾಗಿಲನ್ನೇ ದೂರಿದ್ದೆ, ಅದು ಬರೀ ಹೊರಗೆ ಸುತ್ತಾಡಿದ ಗುರುತು. ಮೆಶ್ ಉಳಿಕೆಯನ್ನು ಉಂಡೆ ಮಾಡಿ ಒಂದೊಂದು ಕಂಡಿಗೂ ತುರುಕಿ, ಹೊರಗಿನಿಂದ ಪಟ್ಟಿ ಬಡಿದೆ. ಸಿಮೆಂಟು ಮೆತ್ತಬಹುದಿತ್ತು, ಆದರೆ ಗಾಳಿ ಆಡಬೇಕು. ಬೇಸಿಗೆಯಲ್ಲಿ ತಗಡಿನ ಕೆಳಗೆ ಬೇಯುತ್ತೆ.

ಬಾಗಿಲ ಕೆಳಗೆ ಹೊಸ್ತಿಲ ಹಾಗೆ ಒಂದು ಕಲ್ಲು ಹೂತು, ಬಾಗಿಲ ಅಂಚಿಗೆ ತಗಡಿನ ಪಟ್ಟಿ ಬಡಿದೆ. ಚಿಲಕದ ಜೊತೆ ಕೊಂಡಿ ಹಾಕಿ ಅದಕ್ಕೊಂದು ಪಿನ್ನು. ಬೋನಿಗೆ ಸುಮಾರು 850 ರೂಪಾಯಿ, ಗೂಡಿಗೆ 6,000 ಮೇಲೆ ಖರ್ಚಾಯಿತು. ಹೆಚ್ಚಿನದು ಮೆಶ್ಶಿಗೇ.

ಉಳಿದದ್ದು ಸಣ್ಣಪುಟ್ಟದ್ದು. ಹದ್ದಿಗೆ ಅಂತ ಹಿತ್ತಲ ಒಂದು ಭಾಗಕ್ಕೆ ಹಳೇ ಬಲೆ ಕಟ್ಟಿದೆ. ಮರಿಗಳಿಗೆ ಒಂದೂವರೆ ತಿಂಗಳು ತುಂಬುವವರೆಗೂ ಬಿದಿರು ಬುಟ್ಟಿಯೇ ಗತಿ. ಮೊಟ್ಟೆಯನ್ನು ಸಂಜೆಯೊಳಗೆ ತೆಗೆದುಬಿಡುತ್ತೇವೆ, ಹಾವಿಗೆ ಬರುವ ಆಸೆ ಕಡಿಮೆ. ಸತ್ತ ಕೋಳಿಯನ್ನು ಬೇಲಿಯಾಚೆ ಎಸೆಯುವುದಿಲ್ಲ. ಆ ವಾಸನೆ ಹಿಡಿದು ನಾಯಿ ಬರುತ್ತೆ, ಈ ಕಡೆ ಚಿರತೆ ಬಂದರೂ ಆಶ್ಚರ್ಯ ಇಲ್ಲ. ಕೆಂಚಿಯನ್ನು ಕರಿಬೇವಿನ ಗಿಡದ ಹತ್ತಿರ ಎರಡಡಿ ಆಳಕ್ಕೆ ಹೂತು ಮೇಲೆ ಕಲ್ಲು ಇಟ್ಟಿದ್ದೇವೆ.

ಕೆಂಚಿಯ ಉಳಿದ ಆರು ಮೊಟ್ಟೆಯನ್ನು ಅವತ್ತೇ ಅವ್ವ ಇನ್ನೊಂದು ಕಾವಿನ ಹೇಂಟೆಯ ಕೆಳಗೆ ಸೇರಿಸಿದ್ದಳು. ನಾಲ್ಕು ಒಡೆದು ಮರಿಯಾದವು. ಗೂಡು ಮುಗಿಯುವ ತನಕ ಆ ಮರಿಗಳು ರಾತ್ರಿ ಅಡುಗೆಮನೆಯ ಮೂಲೆಯಲ್ಲಿ ಬುಟ್ಟಿಯೊಳಗೆ ಮಲಗಿದವು. ಈಗ ತಾಯಿಯ ಜೊತೆ ಗೂಡಿನಲ್ಲೇ ಇವೆ. ಒಂದು ಕೆಂಚಿಯ ಹಾಗೇ ಕೆಂಪಗಿದೆ.

ಬೂದಿ ಹಾಕುವುದನ್ನು ನಾನು ಇನ್ನೂ ಬಿಟ್ಟಿಲ್ಲ. ನಿನ್ನೆ ಮಧ್ಯಾಹ್ನ ನೋಡಿದಾಗ ಐದು ಬೆರಳಿನ ಹೆಜ್ಜೆ ಕತ್ತಾಳೆ ಬೇಲಿಯಿಂದ ಬಂದು, ಚಪ್ಪಡಿಯ ಅಂಚಿಗೆ ಗೂಡನ್ನು ಪೂರ್ತಿ ಒಂದು ಸುತ್ತು ಹಾಕಿ, ಬಾಗಿಲ ಮುಂದೆ ಸ್ವಲ್ಪ ನಿಂತು, ವಾಪಸ್ ಬೇಲಿಗೆ ಹೋಗಿತ್ತು. ಅದರ ಪಕ್ಕದಲ್ಲೇ ಇನ್ನೂ ಚಿಕ್ಕ ಹೆಜ್ಜೆಗಳು, ಎರಡು ಜೊತೆ. ಅವ್ವನನ್ನು ಕರೆದು ತೋರಿಸಿದೆ. ಬಗ್ಗಿ ನೋಡಿದಳು, ಗೂಡಿನೊಳಗೆ ಮರಿಗಳನ್ನು ಎಣಿಸಿದಳು, ಪಿನ್ನು ಸರಿಯಾಗಿ ಕೂತಿದೆಯಾ ಅಂತ ಎಳೆದು ನೋಡಿ ಒಳಗೆ ಹೋದಳು.